ಮೂರನೇ ಬೇಸಿನ ಕಡೆಗೆ

ಆ ವರ್ಷದ ಮೊದಲ ಸಾಫ್ಟ್‌ಬಾಲ್ ಪ್ರಾಕ್ಟೀಸಿಗೆ ಅವಳು ಬರುತ್ತಾಳೆಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಪಾಂಡವಪುರದ ನಮ್ಮ ಕಾಲೇಜಿನ ಹಿಂದಿನ ಮೈದಾನದಲ್ಲಿ ಹಳೆಯ ಆಟಗಾರ್ತಿಯರು ಸೇರಿ ಸುಣ್ಣದ ಗೆರೆ ಎಳೆಯುತ್ತಿದ್ದೆವು. ಗೇಟಿನ ಹತ್ತಿರ ಒಂದು ಬೈಕು ಬಂದು ನಿಂತಿತು. ಹಿಂದಿನ ಸೀಟಿನಿಂದ ಇಳಿದವಳು ನಮ್ಮ ಮೂರನೇ ಬೇಸಿನ ಹುಡುಗಿ. ಓಡಿಸಿಕೊಂಡು ಬಂದವರು ಅವಳ ಅಪ್ಪ, ಶ್ರೀರಂಗಪಟ್ಟಣದಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡುವವರು. ಅವಳ ಎಡಗಣ್ಣಿನ ಕೆಳಗೆ, ಮೂಳೆ ಮುರಿದು ಕೂಡಿದ್ದ ಕಡೆ, ಕೆನ್ನೆ ಸ್ವಲ್ಪ ಒಳಕ್ಕೆ ಹೋಗಿತ್ತು. ನಾವೆಲ್ಲ ಅದನ್ನು ನೋಡದವರಂತೆ ನಟಿಸಿದೆವು. ಸುಣ್ಣದ ಬಾಣಲೆ ಹಿಡಿದುಕೊಂಡಿದ್ದ, ಚೆಂಡು ಎಸೆಯುವ ನಮ್ಮ ಪಿಚ್ಚರ್ ಮಾತ್ರ ಬಾಣಲೆ ಕೆಳಗಿಟ್ಟು ನಲ್ಲಿಯ ಕಡೆಗೆ ನಡೆದುಬಿಟ್ಟಳು.

ನಮಗೆ ಆಟ ಕಲಿಸುತ್ತಿದ್ದ ಪಿ.ಡಿ. ಸರ್ ಎದುರಿಗೆ ಹೋದರು. ಅವಳ ಅಪ್ಪ ಬೈಕಿನಿಂದ ಇಳಿಯಲಿಲ್ಲ.

"ನಾನ್ ಬ್ಯಾಡ ಅಂದೆ ಸಾ. ಊಟ ಬುಟ್ಲು. ಅವ್ರವ್ವನೂ ಇವ್ಳ ಕಡೀಕೇ ಸೇರ್ಕಂಡ್ಲು. ನಾನೊಬ್ಬ ಏನ್ ಮಾಡಾಕಾಯ್ತದೆ?"

"ನಾನ್ ನೋಡ್ಕತೀನಿ ಬುಡಿ ಯಜಮಾನ್ರೇ."

"ಓದ್ ವರ್ಸನೂ ನೀವೇ ಅಲ್ವಾ ಸಾ ನೋಡ್ಕಂಡಿದ್ದು?"

ಸರ್ ತಲೆ ತಗ್ಗಿಸಿದರು. ಹೊಣಕೆರೆ ಕಡೆಯವರಾದ ಅವರು ಮಾತಿಗೆ ಮಾತು ಜೋಡಿಸುವುದರಲ್ಲಿ ಗಟ್ಟಿಗರು. ಅವರು ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಅಪ್ಪ ಮನೆಗೂ ಹೋಗಲಿಲ್ಲ. ಮಳೆಮರದ ಕೆಳಗೆ ಬೈಕು ನಿಲ್ಲಿಸಿ, ಅದರ ಮೇಲೆಯೇ ಕೂತು, ಪ್ರಾಕ್ಟೀಸು ಮುಗಿಯುವವರೆಗೂ ಮಗಳನ್ನೇ ನೋಡುತ್ತಿದ್ದರು. ಮರುದಿನವೂ ಬಂದರು. ಅದರ ಮರುದಿನವೂ.

ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡು ಎಂದುಕೊಳ್ಳುವವರೇ ಹೆಚ್ಚು. ನಮ್ಮಮ್ಮ ಕೂಡ ಹಾಗೇ ಅಂದುಕೊಂಡು ನನ್ನನ್ನು ಆಡಲು ಬಿಟ್ಟಿದ್ದರು. ಚೆಂಡು ದೊಡ್ಡದು, ಹಳದಿ, ಕಲ್ಲಿನಂತೆ ಗಟ್ಟಿ. ಪಿಚ್ಚರ್ ಆದವಳು ತೋಳನ್ನು ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಅದನ್ನು ಎಸೆಯುತ್ತಾಳೆ. ಬ್ಯಾಟು ಹಿಡಿದವಳ ಹಿಂದೆ ಮುಖಕ್ಕೆ ಜಾಲರಿ, ಎದೆಗೆ ಗಾರ್ಡು ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಹಿಡಿಯುವವಳು ಕ್ಯಾಚರ್. ಅದು ನಾನು. ಚೆಂಡು ಎಲ್ಲಿಗೆ ಬೇಕೆಂದು ತೊಡೆಗಳ ನಡುವೆ ಬೆರಳಿನಿಂದ ಸನ್ನೆ ಮಾಡುವವಳೂ ನಾನೇ. ಹೊಡೆದವಳು ಮೂರು ಬೇಸುಗಳನ್ನು ಒಂದೊಂದಾಗಿ ಮುಟ್ಟಿ ಸುತ್ತು ಹಾಕಿ ನನ್ನ ಹತ್ತಿರಕ್ಕೆ ಮರಳಿದರೆ ಒಂದು ರನ್ನು; ಪ್ರತಿ ಬೇಸಿಗೂ ನಮ್ಮವಳೊಬ್ಬಳು ಕಾವಲು. ಬಲಗೈ ಆಟಗಾರ್ತಿಗೆ ಮೈಗೆ ಹತ್ತಿರವಾಗಿ, ಅಂದರೆ 'ಒಳಗೆ' ಎಸೆದರೆ, ಅವಳು ಬೀಸಿದ್ದು ಸಾಮಾನ್ಯವಾಗಿ ಮೂರನೇ ಬೇಸಿನ ಕಡೆಗೆ ಹೋಗುತ್ತದೆ. ದೂರಕ್ಕೆ, 'ಹೊರಗೆ' ಎಸೆದರೆ ಮೊದಲನೇ ಬೇಸಿನ ಕಡೆಗೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ತಿಳಿಯುತ್ತದೆ.

ಹಿಂದಿನ ವರ್ಷ ನಾಗಮಂಗಲದಲ್ಲಿ ಸೆಮಿಫೈನಲ್. ಎದುರಿಗೆ ಮೈಸೂರಿನ ಒಂದು ಕಾಲೇಜಿನ ತಂಡ. ನಾವು ಮುಂದಿದ್ದೆವು. ಎತ್ತರದ ಹುಡುಗಿಯೊಬ್ಬಳು ಬ್ಯಾಟಿಗೆ ಬಂದಳು. ನಾನು ಒಳಗೆ ಕೇಳಿದೆ, ಪಿಚ್ಚರ್ ಒಳಗೇ ಎಸೆದಳು. ಒಳ್ಳೆಯ ಚೆಂಡು, ಇಂದಿಗೂ ಹೇಳುತ್ತೇನೆ. ಎತ್ತರದವಳು ಅದಕ್ಕಿಂತ ಚೆನ್ನಾಗಿ ಬೀಸಿದಳು. ಬ್ಯಾಟಿನ ಸದ್ದು ಕೇಳಿತು, ಅದರ ಬೆನ್ನಿಗೇ ಇನ್ನೊಂದು ಸದ್ದು. ಆ ಎರಡನೆಯದು ಏನೆಂದು ನನಗೆ ಹೊಳೆಯುವ ಹೊತ್ತಿಗೆ ಮೂರನೇ ಬೇಸಿನವಳು ಮಂಡಿಯೂರಿ ಕೂತಿದ್ದಳು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಆ ಪಂದ್ಯ ನಾವು ಸೋತೆವು. ಸೋತದ್ದು ಬಸ್ಸು ಹತ್ತಿದ ಮೇಲೆ ಯಾರೋ ಹೇಳಿದಾಗಲೇ ನನಗೆ ಗೊತ್ತಾದದ್ದು.

ಮೈಸೂರಿನ ಆಸ್ಪತ್ರೆಯಲ್ಲಿ ಅವಳ ಕೆನ್ನೆಗೆ ಆಪರೇಷನ್ ಆಯಿತು. ನೋಡಲು ನಾನೂ ಪಿಚ್ಚರೂ ಒಟ್ಟಿಗೆ ಹೋದೆವು. ಪಿಚ್ಚರ್ ಬೂಕನಕೆರೆಯ ರೈತರ ಮನೆಯ ಹುಡುಗಿ. ಅವರ ತೋಟದ ಎಳನೀರನ್ನು ಚೀಲದಲ್ಲಿ ಹೊತ್ತು ತಂದಿದ್ದಳು. ವಾರ್ಡಿನ ಬಾಗಿಲವರೆಗೂ ಬಂದಳು, ಚೀಲವನ್ನು ನನ್ನ ಕೈಗೆ ಕೊಟ್ಟಳು.

"ನೀನ್ ಓಗಮ್ಮಿ. ನಾನ್ ಇಲ್ಲೇ ಇರ್ತೀನಿ."

ಕೈ ಹಿಡಿದು ಎಳೆದರೂ ಬರಲಿಲ್ಲ. ರಜೆಯಲ್ಲಿ ಫೋನು ಮಾಡಿದರೆ ಅವಳ ತಾಯಿ ಎತ್ತಿ, "ಒಲದತ್ರ ಓಗವ್ಳೆ ಕಣವ್ವ" ಎನ್ನುತ್ತಿದ್ದರು. ಯಾವ ಹೊತ್ತಿನಲ್ಲಿ ಮಾಡಿದರೂ ಹೊಲದ ಹತ್ತಿರವೇ ಇರುತ್ತಿದ್ದಳು.

ಹೀಗಾಗಿ ಆ ಮೊದಲ ದಿನ ನಾವೆಲ್ಲ ಕಾಯುತ್ತಿದ್ದದ್ದು ಮೂರನೇ ಬೇಸಿನವಳು ಹೆದರುತ್ತಾಳೋ ಇಲ್ಲವೋ ಎಂದು. ಸರ್ ಮೈಸೂರಿನಿಂದ ಅವಳಿಗೆಂದೇ ಮುಖಕ್ಕೆ ಕಟ್ಟುವ ಕಂಬಿಯ ಜಾಲರಿ ತಂದಿದ್ದರು. ಅದನ್ನು ಕಟ್ಟಿಕೊಂಡು ನಿಂತು, ಉರುಳಿ ಬಂದ ಚೆಂಡುಗಳನ್ನೆಲ್ಲ ಬಾಗಿ ಎತ್ತಿ, ಮೊದಲಿನಂತೆಯೇ ಅಡ್ಡತೋಳಿನಲ್ಲಿ ಎಸೆದಳು. "ಇನ್ನೂ ಜೋರಾಗ್ ಒಡೀರಿ ಸಾ" ಎಂದು ಕೂಗಿದಳು. ಮರದ ಕೆಳಗಿದ್ದ ಅವಳ ಅಪ್ಪ ಬೈಕಿನ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಜೂನಿಯರುಗಳಂತೂ ಅವಳನ್ನು ನೋಡಿ ಬೆರಗಾಗಿಬಿಟ್ಟರು.

ತೊಂದರೆ ಇನ್ನೊಂದು ಕಡೆ ಇತ್ತು. ಅದು ನನಗೆ ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ನಾನು ಒಳಗೆ ಕೇಳಿದಾಗಲೆಲ್ಲ ಪಿಚ್ಚರ್ ತಲೆ ಅಲ್ಲಾಡಿಸುತ್ತಿದ್ದಳು. ಕೇಳಿದರೆ ಬೆರಳು ನೋವು ಎಂದಳು. ಇನ್ನೊಂದು ದಿನ ಭುಜ ಎಂದಳು. ನಮ್ಮಲ್ಲಿ ಎಡಗೈಯಲ್ಲಿ ಆಡುವ ಜೂನಿಯರ್ ಒಬ್ಬಳಿದ್ದಳು. ಅವಳು ಬ್ಯಾಟಿಗೆ ನಿಂತಾಗ ಪಿಚ್ಚರ್ ಮೈ ಸವರುವಂತೆ ಒಳಗೆ ಎಸೆದಳು, ಒಂದಾದ ಮೇಲೊಂದು, ಬೆಂಕಿಯಂಥ ಚೆಂಡುಗಳು. ಎಡಗೈಯವಳು ಹೊಡೆದರೆ ಅದು ಮೊದಲನೇ ಬೇಸಿನ ಕಡೆಗೆ ಹೋಗುತ್ತದೆ. ಆಗ ನನಗೆ ಅರ್ಥವಾಯಿತು. ಭುಜಕ್ಕೆ ಏನೂ ಆಗಿರಲಿಲ್ಲ. ಮೂರನೇ ಬೇಸಿನ ಕಡೆಗೆ ಚೆಂಡು ಹೋಗದಂತೆ ಅವಳು ಎಸೆಯುತ್ತಿದ್ದಳು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಮೂರನೇ ಬೇಸಿನವಳು ದಡ್ಡಿಯಲ್ಲ. ಒಂದು ಸಂಜೆ ಪ್ರಾಕ್ಟೀಸು ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆಯುತ್ತಿದ್ದೆವು; ಅಪ್ಪನನ್ನು ಬೈಕಿನಲ್ಲಿ ಮುಂದೆ ಕಳಿಸಿ ಅವಳೂ ನಮ್ಮ ಜೊತೆ ಬಂದಿದ್ದಳು. ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತು ರಸ್ತೆ ಕಟ್ಟಿಹೋಗಿತ್ತು. ಅಲ್ಲಿ ಅವಳು ಪಿಚ್ಚರಿನ ಎದುರಿಗೆ ನಿಂತುಬಿಟ್ಟಳು.

"ನನ್ ಕಡೀಕ್ ಯಾಕೆ ಬಾಲ್ ಬರಾಕ್ ಬುಡ್ತಿಲ್ಲ ನೀನು?"

"ಯಾರ್ ಬುಡ್ತಿಲ್ಲ? ಅವ್ರು ಒಡೀತಿಲ್ಲ, ಅಷ್ಟೇಯ."

"ಸುಳ್ಳ್ ಯೋಳ್ಬ್ಯಾಡ. ಏಟ್ ಬಿದ್ದಿದ್ದು ನಂಗೆ. ನಾನೇ ಬಂದು ನಿಂತಿವ್ನಿ. ನಿಂಗೇನಮ್ಮಿ ಆಗದೆ?"

ಪಿಚ್ಚರ್ ಟ್ರಾಕ್ಟರಿನಿಂದ ಬಿದ್ದಿದ್ದ ಕಬ್ಬಿನ ಸೋಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಆಮೇಲೆ ಹೇಳಿದ ಮಾತು ಕೆಟ್ಟದಾಗಿತ್ತು.

"ನಿನ್ ಮಕ ನೋಡಾಕಾಯ್ತಿಲ್ಲ ಕಣೇ ನಂಗೆ."

ಅವಳು ಹೇಳಬೇಕೆಂದುಕೊಂಡದ್ದು ಬೇರೆ ಏನೋ. ಆದರೆ ಆ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದಕ್ಕೆ ಇದ್ದದ್ದು ಒಂದೇ ಅರ್ಥ. ಮೂರನೇ ಬೇಸಿನವಳ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಮಾತು ನಿಂತುಹೋಯಿತು. ನೀರಿನ ಬಾಟಲಿ ಬೇಕಾದರೂ ನನ್ನ ಮೂಲಕ ಕೇಳಿಸುತ್ತಿದ್ದರು.

ಆ ವರ್ಷದ ಟೂರ್ನಮೆಂಟು ಕೆ.ಆರ್. ಪೇಟೆಯಲ್ಲಿ. ಹೊರಡುವ ಮೊದಲು ಸರ್ ಪಿಚ್ಚರನ್ನು ಕರೆದು ನೇರವಾಗಿ ಹೇಳಿದರು: "ಒಳೀಕ್ ಆಕ್ದಿದ್ರೆ ನಿನ್ನ ಕೂರಿಸ್ಬುಟ್ಟು ಜೂನಿಯರ್ ಕೈಲಿ ಎಸೆಸ್ತೀನಿ ಕಣವ್ವ. ಆಮೇಲೆ ಬೇಜಾರ್ ಮಾಡ್ಕಬ್ಯಾಡ." ಅವಳು ಹೂಂ ಎಂದಳು. ಬಸ್ಸಿನಲ್ಲಿ ಒಬ್ಬಳು ಡ್ರೈವರಿನ ಹಿಂದೆ, ಇನ್ನೊಬ್ಬಳು ಕೊನೆಯ ಸೀಟಿನಲ್ಲಿ ಕೂತರು. ನಾನು ನಡುವೆ ಕಿಟ್ಟಿನ ಚೀಲ ಹಿಡಿದುಕೊಂಡು ಕೂತೆ. ಬಸ್ಸಿನ ಹಿಂದೆ ಮೂರನೇ ಬೇಸಿನವಳ ಅಪ್ಪನ ಬೈಕು ಬರುತ್ತಿತ್ತು.

ಮೊದಲ ಪಂದ್ಯಗಳು ಸುಲಭವಾಗಿದ್ದವು. ಹೊರಗಿನ ಚೆಂಡುಗಳಲ್ಲೇ ಪಿಚ್ಚರ್ ಕೆಲಸ ಮುಗಿಸಿದಳು, ಗೆದ್ದದ್ದರಿಂದ ಸರ್ ಕೂಡ ಸುಮ್ಮನಿದ್ದರು. ಸೆಮಿಫೈನಲ್ಲಿಗೆ ಎದುರು ಬಂದದ್ದು ಅದೇ ಮೈಸೂರಿನ ತಂಡ. ಆ ಎತ್ತರದ ಹುಡುಗಿಯೂ ಇದ್ದಳು. ಪಂದ್ಯಕ್ಕೆ ಮುಂಚೆ ಅವಳೇ ಗೆರೆ ದಾಟಿ ನಮ್ಮ ಕಡೆಗೆ ಬಂದಳು, ಮೂರನೇ ಬೇಸಿನವಳ ಕೈ ಹಿಡಿದುಕೊಂಡಳು.

"ಈಗ ಹೇಗಿದ್ದೀರಾ? ಹೋದ್ ವರ್ಷ ಫೈನಲ್ ನಾನು ಆಡ್ಲೇ ಇಲ್ಲ ಗೊತ್ತಾ, ಬ್ಯಾಟ್ ಹಿಡಿಯೋಕೇ ಆಗ್ಲಿಲ್ಲ."

"ನಂಗೇನಾಗದೆ? ಚೆನ್ನಾಗಿವ್ನಿ" ಎಂದು ಇವಳು ನಕ್ಕಳು. ಆ ನಗುವನ್ನು ಪಿಚ್ಚರ್ ದೂರದಿಂದ ನೋಡುತ್ತಿದ್ದಳು.

ಮೈಸೂರಿನವರು ನಮ್ಮ ಗುಟ್ಟನ್ನು ಬೇಗ ಹಿಡಿದರು. ಹೊರಗೆ ಬಿಟ್ಟರೆ ಬೇರೆ ಕಡೆ ಚೆಂಡು ಬರುವುದಿಲ್ಲವೆಂದು ಗೊತ್ತಾದ ಮೇಲೆ ಎಲ್ಲರೂ ಒಂದು ಹೆಜ್ಜೆ ಮುಂದಕ್ಕೆ ಸರಿದು, ಕೈ ಚಾಚಿ ಹೊಡೆಯತೊಡಗಿದರು. ನಮ್ಮ ಮುನ್ನಡೆ ಕರಗುತ್ತಾ ಬಂತು. ಏಳನೆಯದು, ಕೊನೆಯ ಇನ್ನಿಂಗ್ಸು. ಅವರು ಬ್ಯಾಟು ಮಾಡುತ್ತಿದ್ದರು, ಇಬ್ಬರು ಔಟಾಗಿದ್ದರು, ನಾವು ಒಂದೇ ರನ್ನಿನಿಂದ ಮುಂದಿದ್ದೆವು, ಅವರ ಓಟಗಾರ್ತಿ ಮೂರನೇ ಬೇಸಿನಲ್ಲಿ ನಿಂತಿದ್ದಳು. ಇನ್ನೊಬ್ಬಳು ಔಟಾದರೆ ನಾವು ಫೈನಲ್ಲಿಗೆ. ನಾನು ಒಳಗೆ ಕೇಳಿದೆ. ಪಿಚ್ಚರ್ ತಲೆ ಅಲ್ಲಾಡಿಸಿದಳು. ಮತ್ತೆ ಕೇಳಿದೆ. ಮತ್ತೆ ಅಲ್ಲಾಡಿಸಿದಳು. ಅಂಪೈರಿನಿಂದ ಟೈಮು ಕೇಳಿ ಅವಳ ಹತ್ತಿರ ಹೋದೆ. ಅಷ್ಟರಲ್ಲಿ ಮೂರನೇ ಬೇಸಿನವಳೂ ಬಂದಳು. ಆ ಜಗಳದ ನಂತರ ಅವಳು ಪಿಚ್ಚರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಒಳೀಕ್ ಆಕು. ನಾನಿವ್ನಿ."

ಪಿಚ್ಚರ್ ಅವಳ ಮುಖ ನೋಡಲಿಲ್ಲ. ಚೆಂಡನ್ನು ಪ್ಯಾಂಟಿಗೆ ಉಜ್ಜಿಕೊಂಡಳು. ನಾನು ಹಿಂದಿರುಗಿ ಕೂತೆ. ಬೆರಳು ತೋರಿಸಿದೆ. ಈ ಸಲ ಅವಳು ತಲೆ ಅಲ್ಲಾಡಿಸಲಿಲ್ಲ.

ಚೆಂಡು ಒಳಗೆ ಬಂತು. ಬ್ಯಾಟಿನವಳು ಬೀಸಿದಳು. ಚೆಂಡು ಎದೆಯ ಎತ್ತರದಲ್ಲಿ ನೇರವಾಗಿ ಮೂರನೇ ಬೇಸಿಗೆ ಹೋಯಿತು. ಅವಳು ಹಿಡಿಯಬಹುದಾಗಿದ್ದ ಚೆಂಡು. ಪ್ರಾಕ್ಟೀಸಿನಲ್ಲಿ ಅಂಥವನ್ನು ಎಷ್ಟೋ ಹಿಡಿದಿದ್ದಳು. ಆದರೆ ಅವಳ ಎರಡೂ ಕೈ ಮುಖಕ್ಕೆ ಹೋದವು, ಕುತ್ತಿಗೆ ಆ ಕಡೆ ತಿರುಗಿತು, ಕಂಬಿಯ ಜಾಲರಿ ಇದ್ದೂ ಅವಳು ಕುಸಿದು ಕೂತಳು. ಚೆಂಡು ಪಕ್ಕದಲ್ಲೇ ಹಾದು ಹಿಂದಿನ ಹುಲ್ಲಿಗೆ ಓಡಿತು. ಓಟಗಾರ್ತಿ ಒಳಗೆ ಬಂದಳು. ರನ್ನು ಸಮವಾಯಿತು.

ಮೈದಾನದ ಆಚೆ ಅವಳ ಅಪ್ಪ ಎದ್ದು ನಿಂತಿದ್ದರು. ಸರ್ ಬದಲಿ ಆಟಗಾರ್ತಿಗೆ ಕೈ ಸನ್ನೆ ಮಾಡುತ್ತಿದ್ದರು. ಪಿಚ್ಚರ್ ಎಲ್ಲರಿಗಿಂತ ಮೊದಲು ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ನಾನು ಓಡಿಕೊಂಡು ಹೋಗುವಷ್ಟರಲ್ಲಿ ಮೂರನೇ ಬೇಸಿನವಳು ಜಾಲರಿ ಕಿತ್ತು ಅಳುತ್ತಿದ್ದಳು.

"ಏಟ್ ಬಿತ್ತಾ?" ಪಿಚ್ಚರ್ ಕೇಳಿದಳು.

"ಇಲ್ಲ."

"ಎದ್ರುಕಂಡ್ಯಾ?"

"ಊಂ."

"ಯಾವಾಗಿಂದ?"

"ಮೊದಲ್ನೇ ದಿನ್ದಿಂದ್ಲೂ. ರಾತ್ರಿ ಊಟ ಸೇರಾಕಿಲ್ಲ ಕಣೇ, ನಾಳಿಕ್ ಪ್ರಾಕ್ಟೀಸು ಅಂದ್ರೆ."

"ಮತ್ತೆ ಯಾಕ್ ಯೋಳ್ಲಿಲ್ಲ ನೀನು?"

"ನೀನ್ ಆಗ್ಲೇ ಎದ್ರಿದ್ದೆ. ನಾನೂ ಎದ್ರಿವ್ನಿ ಅಂದಿದ್ರೆ ನೀನ್ ಚೆಂಡೇ ಮುಟ್ತಿರ್ಲಿಲ್ಲ. ಅಪ್ಪ ನನ್ನ ಮನೆಗ್ ಎಳ್ಕಂಡ್ ಓಗ್ತಿದ್ರು."

ಪಿಚ್ಚರ್ ಅವಳನ್ನು ದಿಟ್ಟಿಸಿ ನೋಡಿದಳು. ಕೆನ್ನೆಯನ್ನೂ ನೋಡಿದಳು. ಆಮೇಲೆ ವಿಚಿತ್ರವಾಗಿ ಒಂದು ನಗು ಬಂತು ಅವಳಿಗೆ, ಅಳುವಿನಂಥ ನಗು.

"ನಾನೊಬ್ಳೇ ಪುಕ್ಲಿ ಅನ್ಕಂಡಿದ್ದೆ. ನೀನು ಬಂದು ಎದೆ ಸೆಟೆಸ್ಕಂಡ್ ನಿಂತ್ಕಂಡ್ರೆ, ನಂಗೆ ನಾಚ್ಕೆ ಆಗೋದು."

ಅಂಪೈರು ಬೇಗ ಮಾಡಿ ಎಂದರು. ಸರ್ ಬದಲಿಯವಳನ್ನು ಕರೆದುಕೊಂಡು ಗೆರೆಯವರೆಗೂ ಬಂದಿದ್ದರು. ಮೂರನೇ ಬೇಸಿನವಳು ಜಾಲರಿ ಕಟ್ಟಿಕೊಂಡು, "ಇರ್ತೀನಿ ಸಾ" ಎಂದಳು. ಸರ್ ಒಮ್ಮೆ ಮೈದಾನದ ಆಚೆಗೆ, ಅವಳ ಅಪ್ಪನ ಕಡೆಗೆ ನೋಡಿದರು. ಅಪ್ಪ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. "ಎಲ್ಡೆಜ್ಜೆ ಇಂದಕ್ ನಿಂತ್ಕೊ" ಎಂದು ಪಿಚ್ಚರ್ ಅವಳಿಗೆ ಹೇಳಿ ತನ್ನ ಜಾಗಕ್ಕೆ ಹೋದಳು.

ಮುಂದೆ ಬ್ಯಾಟಿಗೆ ಬಂದವಳು ಆ ಎತ್ತರದ ಹುಡುಗಿಯೇ. ಮೊದಲ ಚೆಂಡು ಒಳಗೆ, ಬೀಸಿ ತಪ್ಪಿದಳು. ಎರಡನೆಯದೂ ಒಳಗೆ, ಬ್ಯಾಟಿಗೆ ತಗುಲಿ ನನ್ನ ಹಿಂದೆ ಹಾರಿತು. ಇನ್ನು ಸಾಕು, ಹೊರಗೆ ಎಸೆಯಲಿ ಎಂದು ಸನ್ನೆ ಮಾಡಿದೆ. ಪಿಚ್ಚರ್ ತಲೆ ಅಲ್ಲಾಡಿಸಿದಳು. ಅವಳಿಗೆ ಒಳಗೇ ಬೇಕಿತ್ತು.

ಅವಳು ಎಸೆದಳು. ಎತ್ತರದವಳು ಬೀಸಿದಳು. ಚೆಂಡು ನೆಲಕ್ಕೆ ಬಡಿದು ಕುಪ್ಪಳಿಸುತ್ತಾ ಮೂರನೇ ಬೇಸಿಗೆ ಹೋಯಿತು. ಅವಳು ಅದನ್ನು ಚೆಂದವಾಗಿ ಹಿಡಿಯಲಿಲ್ಲ. ಕಣ್ಣು ಮುಚ್ಚಿದ್ದಳೆಂದು ಆಮೇಲೆ ಅವಳೇ ಹೇಳಿದಳು. ಚೆಂಡು ಮೊಣಕಾಲಿಗೆ ಬಡಿದು ಮುಂದೆ ಬಿತ್ತು. ಅದನ್ನು ಹುಡುಕಿ, ಎತ್ತಿ, ಎಡವುತ್ತಲೇ ಮೊದಲನೇ ಬೇಸಿಗೆ ಎಸೆದಳು. ಓಡುತ್ತಿದ್ದ ಎತ್ತರದವಳಿಗಿಂತ ಚೆಂಡೇ ಮೊದಲು ಅಲ್ಲಿಗೆ ತಲುಪಿತು. ಅಂಪೈರಿನ ಮುಷ್ಟಿ ಮೇಲೆ ಹೋಯಿತು. ಔಟು.

ಆ ಪಂದ್ಯವನ್ನೂ ನಾವು ಸೋತೆವು. ರನ್ನು ಸಮವಾಗಿದ್ದರಿಂದ ಹೆಚ್ಚುವರಿ ಇನ್ನಿಂಗ್ಸು ಆಡಿಸಿದರು; ಅದರಲ್ಲಿ ನಮ್ಮ ಸರದಿಗೆ ರನ್ನು ಬರಲಿಲ್ಲ, ಅವರು ಒಂದು ಗಳಿಸಿ ಗೆದ್ದರು. ಸತತವಾಗಿ ಎರಡು ವರ್ಷ ಒಂದೇ ತಂಡಕ್ಕೆ ಸೋತದ್ದಕ್ಕೆ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಅವರಿಬ್ಬರು ಒಂದೇ ಸೀಟಿನಲ್ಲಿ ಕೂತು, ಕೊನೆಯ ರನ್ನು ಯಾರಿಂದ ಹೋಯಿತೆಂದು ಚಿನಕುರಳಿ ಊರು ಬರುವವರೆಗೂ ಜಗಳವಾಡಿದರು.

ಮುಂದಿನ ವರ್ಷ ಮೂರನೇ ಬೇಸನ್ನು ಅವಳು ತಾನಾಗಿಯೇ ಬಿಟ್ಟುಕೊಟ್ಟಳು. ಹಿಂದೆ, ದೂರದ ಹುಲ್ಲಿನಲ್ಲಿ ನಿಂತು ಆಡುತ್ತೇನೆ ಎಂದು ಸರ್ ಹತ್ತಿರ ಕೇಳಿದಳು. ಹೆದರಿಕೆ ಹೋಗಿಲ್ಲ, ಅಲ್ಲಾದರೆ ಚೆಂಡು ಬರುವುದು ಮೊದಲೇ ಕಾಣಿಸುತ್ತದೆ ಎಂದಳು. ಪಿಚ್ಚರಿಗೆ ಅದು ಸರಿ ಅನ್ನಿಸಿತು, ನನಗೂ. ಒಪ್ಪದವರು ಒಬ್ಬರೇ. ಮಳೆಮರದ ಕೆಳಗೆ ಕೂತು ಕೂತು ಆಟವನ್ನು ಪೂರ್ತಿ ಕಲಿತುಬಿಟ್ಟಿದ್ದ ಅವಳ ಅಪ್ಪ ಸರ್ ಹತ್ತಿರ ಬಂದು ಬೇಸರದಿಂದ ಹೇಳಿದರು: "ಅಲ್ಲಾ ಸಾ, ಅಷ್ಟ್ ದೂರ ಓಗಿ ನಿಂತ್ಕಂಡ್ರೆ ಆಟಕ್ಕೆ ಚೆಂಡೇ ಸಿಗಾಕಿಲ್ವಲ್ಲ!"