ಹೆಡ್ವಿಗ್ ಐಸೆಲೆ ಕಾರು ತೊಳೆದದ್ದು

ಹೆಡ್ವಿಗ್ ಐಸೆಲೆಗೆ ದಾಕ್ಷಿಣ್ಯವೆಂಬುದು ಎಳ್ಳಷ್ಟೂ ಇರಲಿಲ್ಲ. ಸತ್ಯವಂತಿಕೆಯನ್ನು ದೊಡ್ಡ ಗುಣವೆಂದು ಹೊಗಳುವವರು ಅವಳ ಕೆಳಗಿನ ಮನೆಯಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಬೇಕು. ನಿಜವೆಂಬುದು ಅವಳಿಗೆ ಮೆಟ್ಟಿಲ ಮೇಲಿನ ಕಸದಂತೆ. ಕಣ್ಣಿಗೆ ಬಿದ್ದೊಡನೆ ಗುಡಿಸಿ ಹೊರಗೆ ತಳ್ಳಬೇಕು. ಕೆಳಗೆ ಯಾರು ನಿಂತಿದ್ದಾರೆಂದು ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಸಿಂಡೆಲ್‌ಫಿಂಗನ್‌ನ ನಮ್ಮ ಕಟ್ಟಡದಲ್ಲಿ ಅವಳದು ಮೂರನೆಯ ಮಹಡಿ, ನನ್ನದು ಎರಡನೆಯದು. ನನ್ನನ್ನು ಅವಳು ಫ್ರಾವ್ ಡಾಕ್ಟರ್, ಅಂದರೆ ಡಾಕ್ಟರಮ್ಮ, ಎಂದು ಕರೆಯುತ್ತಿದ್ದಳು. ನೆಲಮಟ್ಟದ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಪ್ಲಮ್ ಹಣ್ಣಿನ ಕೇಕ್ ಮಾಡಿ ಎಲ್ಲರಿಗೂ ಹಂಚಿದಳು. ಮರುದಿನ ತಟ್ಟೆ ವಾಪಸು ತೆಗೆದುಕೊಳ್ಳಲು ಮೇಲೆ ಬಂದಾಗ, ಪಾಪ, ಕೇಳಬಾರದ್ದನ್ನು ಕೇಳಿದಳು.

"ಕೇಕ್ ಹೇಗಿತ್ತು, ಫ್ರಾವ್ ಐಸೆಲೆ?"

"ಒಣಗಿತ್ತು. ಅದು ಬೇಯೋ ಹೊತ್ತಲ್ಲಿ ನೀನು ಅಮ್ಮನ ಜತೆ ಫೋನಲ್ಲಿದ್ದೆ. ಮೂರನೇ ಮಹಡಿಗೂ ಕೇಳಿಸ್ತಿತ್ತು."

ಆಮೇಲೆ ಆ ಮನೆಯಿಂದ ಕೇಕ್ ಬರಲಿಲ್ಲ. ನನಗೂ ಬರಲಿಲ್ಲ.

ಅವಳ ಗಂಡ ಗೋಟ್ಲೀಬ್ ತೀರಿಕೊಂಡಾಗ ಪಾದ್ರಿಗಳು ಸಮಾಧಿಯ ಮುಂದೆ ನಿಂತು, ತಾಳ್ಮೆಯೇ ಮೂರ್ತಿವೆತ್ತಂತಿದ್ದ ಮನುಷ್ಯ ಎಂದು ಮಾತು ತೆಗೆದರು. ಮುಂದಿನ ಸಾಲಿನಿಂದ ಹೆಡ್ವಿಗ್‌ಳ ಧ್ವನಿ ಕೇಳಿಸಿತು.

"ತಾಳ್ಮೆಯಾ? ಗೋಟ್ಲೀಬ್‌ಗಾ? ಪಾದ್ರಿಗಳೇ, ನೀವು ಬೇರೆ ಯಾವುದೋ ಹೆಣದ ಚೀಟಿ ತಂದಿದೀರಿ."

ಜನ ಕರ್ಚೀಫಿನ ಮರೆಯಲ್ಲಿ ನಕ್ಕರು. ಅವಳು ನಗಲಿಲ್ಲ, ಅಳಲೂ ಇಲ್ಲ. ಮನೆಗೆ ಬಂದು ಕಪ್ಪು ಕೋಟನ್ನು ಬ್ರಷ್ಷಿನಿಂದ ಉಜ್ಜಿ ಬೀರುವಿನಲ್ಲಿ ತೂಗುಹಾಕಿದಳು.

ಗೋಟ್ಲೀಬ್ ಊರಿನ ಕಾರು ಕಾರ್ಖಾನೆಯಲ್ಲಿ ಮೈತಗಡು ಕೂಡಿಸುವ ವಿಭಾಗದವನು. ಕೂಪೆ ಎನ್ನುವ ಎರಡು ಬಾಗಿಲಿನ ದೊಡ್ಡ ಕಾರುಗಳನ್ನು ಹೆಚ್ಚುಪಾಲು ಕೈಯಿಂದಲೇ ಕಟ್ಟುತ್ತಿದ್ದ ಕಾಲ ಅದು. ಎರಡು ತಗಡು ಸೇರುವಲ್ಲಿ ಸೀಸ ಕರಗಿಸಿ ತುಂಬಿ, ಮರದ ಪಟ್ಟಿಯಿಂದ ನೀವಿ, ಅರದಿಂದ ಉಜ್ಜಿ, ಕೂಡಿದ ಗೆರೆ ಬೆರಳಿಗೂ ಸಿಗದಂತೆ ಮಾಡುವುದು ಅವನ ಕೆಲಸ. ಪುಟ್ಟಿ ಮೆತ್ತಿ ತಗ್ಗು ಮುಚ್ಚುವವರನ್ನು ಕಂಡರೆ ಅವನಿಗೆ ಹೇಸಿಗೆ. "ಪುಟ್ಟಿ ಕಿಟಕಿಗೆ, ಸೀಸ ಕಾರಿಗೆ" ಎಂಬುದು ಅವನ ವೇದವಾಕ್ಯ.

ಅಂಥ ಕೂಪೆಗಳಲ್ಲಿ ಒಂದನ್ನು, ಅದು ಕಾರ್ಖಾನೆ ಬಿಟ್ಟು ಕೆಲವು ವರ್ಷಗಳಾದ ಮೇಲೆ, ಒಬ್ಬ ಹಲ್ಲಿನ ವೈದ್ಯನಿಂದ ಅವನು ಕೊಂಡುಕೊಂಡ. ಕಡುನೀಲಿ ಬಣ್ಣ, ಎರಡೇ ಬಾಗಿಲು. ಗಾಜುಗಳನ್ನು ಇಳಿಸಿದರೆ ನಡುವೆ ಕಂಬವಿಲ್ಲದೆ ಪಕ್ಕವೆಲ್ಲ ಬಯಲು. ಒಳಗೆ ಚಾಲಕನ ಮುಂದಿನ ಹಲಗೆಗೆ ಅಕ್ರೋಟು ಮರ. "ಇದರ ಸೀಸ ನನ್ನ ಕೈಯದೇ" ಎಂದು ಎಲ್ಲರಿಗೂ ಹೇಳುತ್ತಿದ್ದ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಗಂಡಹೆಂಡಿರು ಅದರಲ್ಲಿ ಕಾಡಿನ ಅಂಚಿನವರೆಗೆ ಹೋಗಿ ಬರುತ್ತಿದ್ದರು. ಹೆಡ್ವಿಗ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಂತೆ ಕೂರುತ್ತಿದ್ದಳು.

"ಇಷ್ಟುದ್ದದ ಕಾರು, ಇಬ್ಬರಿಗೆ. ಹಿಂದೆ ಮೂರನೆಯವರು ಕೂತ್ರೆ ಮಂಡಿ ಗಲ್ಲಕ್ಕೆ ತಗಲತ್ತೆ. ಇದು ಸವಾರಿ ಅಲ್ಲ, ಜಂಬ" ಎಂದು ಅವನ ಎದುರಿಗೇ ನನಗೆ ಹೇಳಿದ್ದಳು.

ಗೋಟ್ಲೀಬ್ ಸಾಯುವ ಎಷ್ಟೋ ವರ್ಷ ಮೊದಲೇ ಕಾರನ್ನು ಹೊರಗೆ ತೆಗೆಯುವುದನ್ನು ನಿಲ್ಲಿಸಿದ. ಅದು ಹಿತ್ತಲಿನ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿತು. ಅವನು ಹೋದ ಮೇಲೂ ಹಾಗೆಯೇ ನಿಂತಿತ್ತು, ಹೆಡ್ವಿಗ್‌ಳ ಮಂಡಿಗಳು ಕೈಕೊಡುವವರೆಗೆ.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅವಳು ಏಣಿ ಇಳಿಯುವವರಂತೆ ಹಿಂದುಹಿಂದಾಗಿ ಮೆಟ್ಟಿಲಿಳಿಯತೊಡಗಿದಳು. ಅವಳ ಅಣ್ಣನ ಮಗ ರಾಯ್ಟ್‌ಲಿಂಗನ್‌ನಲ್ಲಿ ಒಂದು ವೃದ್ಧಾಶ್ರಮ ನೋಡಿಟ್ಟಿದ್ದ. ಒಮ್ಮೆ ಹೋಗಿ ನೋಡಿ ಬಂದಳು.

"ಚೆನ್ನಾಗಿದೆಯಾ?" ಎಂದು ಕೇಳಿದೆ.

"ಅಲ್ಲಿ ನೆಲ ಒರೆಸೋಕೂ ಆಳು. ಬದುಕಿರೋರ ಕೈಯಿಂದ ಪೊರಕೆ ಕಿತ್ಕೋತಾರೆ, ಫ್ರಾವ್ ಡಾಕ್ಟರ್. ಅದಕ್ಕಿಂತ ಗೋಟ್ಲೀಬ್ ಪಕ್ಕದಲ್ಲಿ ಮಲಗೋದು ವಾಸಿ."

ಇಲ್ಲಿ ಪೊರಕೆಯ ವಿಷಯ ಹಗುರವಲ್ಲ. ಯಾರ ವಾರವೋ ಅವರ ಬಾಗಿಲಿಗೆ ಸರದಿಯ ಹಲಗೆ ತೂಗುಬೀಳುತ್ತದೆ. ಮೆಟ್ಟಿಲು, ಅಂಗಳ, ಬೀದಿಬದಿ, ಎಲ್ಲ ಅವರ ಪಾಲು. ಹೆಡ್ವಿಗ್‌ಳ ವಾರದಲ್ಲಿ ನಮ್ಮ ಬೀದಿಬದಿಯ ಮೇಲೆ ಊಟ ಬಡಿಸಬಹುದಿತ್ತು.

ಅಷ್ಟರಲ್ಲಿ ಚರ್ಚಿನ ಹಿಂದಿನ ಹೊಸ ಕಟ್ಟಡದಲ್ಲಿ, ನಮ್ಮ ಬೀದಿಗೆ ಅಂಟಿಕೊಂಡಂತೆ, ನೆಲಮಟ್ಟದ ಒಂದು ಚಿಕ್ಕ ಮನೆ ಮಾರಾಟಕ್ಕೆ ಬಂತು. ಅದನ್ನು ಕೊಳ್ಳಲು ಕೂಪೆ ಮಾರುವುದೊಂದೇ ದಾರಿ. ಮನೆ ಮಾರುವವರು ಒಂದು ಸೋಮವಾರದವರೆಗೆ ಕಾಯಲು ಒಪ್ಪಿದರು. ಹಳೆಯ ಕಾರು ಸಂಗ್ರಹಿಸುವವರ ಪತ್ರಿಕೆಗೆ ಹೆಡ್ವಿಗ್ ಜಾಹೀರಾತು ಕೊಟ್ಟಳು. ಉಳಿದವರು ಕನಸು, ರತ್ನ, ರಾಣಿ ಎಂದೆಲ್ಲ ಬರೆದಿದ್ದ ಪುಟದಲ್ಲಿ ಅವಳದು ಹೀಗಿತ್ತು: "ಕೂಪೆ. ನೀಲಿ. ಹಿಂದಿನ ಸೀಟು ಕೂರಲು ಯೋಗ್ಯವಲ್ಲ. ಪೆಟ್ರೋಲು ಬಹಳ ಕುಡಿಯುತ್ತದೆ. ಒಡೆಯ ಸತ್ತಿದ್ದಾನೆ."

ಇದನ್ನು ಓದಿ ಹ್ಯಾಂಬರ್ಗ್‌ನಿಂದ ಲೂಡರ್ಸ್ ಎಂಬ ಸಂಗ್ರಹಕಾರ ಬಂದ. ಉತ್ತರದವರ ನಯವಾದ ಮಾತು, ಒಳ್ಳೆಯ ಬೂಟು. ಶೆಡ್ಡಿನ ಬಾಗಿಲು ತೆಗೆದಾಗ ಅವನು ಟೋಪಿ ತೆಗೆದದ್ದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಕಂಡೆ.

"ಫ್ರಾವ್ ಐಸೆಲೆ, ಸುಳ್ಳು ಹೇಳದೆ ಕಾರು ಮಾರೋರನ್ನ ನಾನು ಇದೇ ಮೊದಲು ನೋಡ್ತಿರೋದು."

"ಪತ್ರಿಕೆಯವರು ಪದಕ್ಕಿಷ್ಟು ಅಂತ ತಗೋತಾರೆ. ಸುಳ್ಳಿಗೆ ಪದ ಜಾಸ್ತಿ ಬೇಕು."

ಅವನು ಮನಸಾರೆ ನಕ್ಕ. ಕಾರಿನ ಸುತ್ತ ಬಂದ, ಕೆಳಗೆ ಬಗ್ಗಿ ನೋಡಿದ, ಅದನ್ನು ಕಟ್ಟಿದವರಲ್ಲಿ ಒಡೆಯನೂ ಒಬ್ಬನೆಂದು ಕೇಳಿ ತಿಳಿದ, ಒಂದು ಬೆಲೆ ಹೇಳಿದ. ಮನೆ ಕೊಳ್ಳಲು ಸಾಕಾಗಿ ಸ್ವಲ್ಪ ಮಿಗುವಂಥ ಬೆಲೆ. ಶನಿವಾರ ಹಗಲಿನಲ್ಲಿ ಇನ್ನೊಮ್ಮೆ ಸರಿಯಾಗಿ ನೋಡಿ ಕೈಕುಲುಕುವುದೆಂದಾಯಿತು.

"ಒಂದೇ ಒಂದು ಬೇಡಿಕೆ. ಇದನ್ನ ಮುಟ್ಟಬೇಡಿ. ಈ ಧೂಳು ಹೇಗಿದೆಯೋ ಹಾಗೇ ಇರಲಿ. ಯಾರೂ ಕೈ ಹಾಕದ ಕಾರು ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮೋರಲ್ಲಿ ಅದಕ್ಕೇ ಬೆಲೆ."

"ಧೂಳಿಗೆ ಬೆಲೆನಾ?"

"ಧೂಳಿಗೇ."

"ಹಾಗಾದ್ರೆ ನಿಮ್ಮ ಹ್ಯಾಂಬರ್ಗಲ್ಲಿ ಎಲ್ಲರೂ ಸಾಹುಕಾರರೇ ಇರಬೇಕು."

ಆ ವಾರ ಸರದಿಯ ಹಲಗೆ ಅವಳ ಬಾಗಿಲಿನಲ್ಲಿತ್ತು. ಶುಕ್ರವಾರ ಮೆಟ್ಟಿಲಿನಲ್ಲಿ ಸಿಕ್ಕಳು, ಕೈಯಲ್ಲಿ ಬಕೆಟ್ಟು.

"ನೀವು ಓದಿದೋರು, ಫ್ರಾವ್ ಡಾಕ್ಟರ್, ನೀವೇ ಹೇಳಿ. ಮನೆಗೆ ಜನ ಬರ್ತಾರೆ ಅಂದ್ರೆ ಗುಡಿಸದೆ ಬಿಡೋದುಂಟಾ?"

"ಬೇಡ ಅಂತ ಅವರೇ ಹೇಳಿದಾರಲ್ಲ."

"ಮರ್ಯಾದಸ್ಥರು ಹಾಗೆ ಹೇಳೇ ಹೇಳ್ತಾರೆ. ಸುಮ್ಮನೆ ಕೂತ್ಕೊಳ್ಳಿ, ಏನೂ ಮಾಡಬೇಡಿ ಅಂದ್ರೆ ನಾವು ಕಾಫಿ ಮಾಡದೆ ಇರ್ತೀವಾ? ಹೆಡ್ವಿಗ್ ಕೊಳಕು ಕಾರು ಮಾರಿದ್ಲು ಅಂತ ಬೀದಿ ತುಂಬ ಮಾತಾಗತ್ತೆ."

ಅಂಗಳ ಗುಡಿಸಿದಳು. ಅಂಗಳದಿಂದ ಶೆಡ್ಡಿಗೆ ಹೋದಳು. ಶೆಡ್ಡಿನ ನೆಲ ತೊಳೆದ ಮೇಲೆ ಕಾರೊಂದನ್ನೇ ಹೇಗೆ ಬಿಡುವುದು? ಒಂದು ಮೋಟು ಸ್ಟೂಲಿನ ಮೇಲೆ ಕೂತು, ಅದನ್ನು ಎಳೆದುಕೊಳ್ಳುತ್ತ, ಬಿಸಿನೀರು, ಸೋಪು, ಆಮೇಲೆ ಮೇಣದ ಪಾಲಿಷ್ ಹಾಕಿ ಉಜ್ಜಿದಳು. ಶನಿವಾರ ಬೆಳಗ್ಗೆಯೂ ಉಜ್ಜಿದಳು. ಕಾರು ಕನ್ನಡಿಯಾಯಿತು.

ಮಧ್ಯಾಹ್ನ ಲೂಡರ್ಸ್‌ಗಿಂತ ಮೊದಲು ಕಾರ್ಲೆ ಬಂದ. ಹೊಸ ಬ್ಯಾಟರಿ ಹಾಕಿ ಕಾರನ್ನು ಹೊರಗೆ ತರಲು ಅವಳೇ ಅವನನ್ನು ಕರೆದಿದ್ದಳು. ಕಾರ್ಲೆ ಗೋಟ್ಲೀಬನ ಜತೆಯವನು, ಅದೇ ವಿಭಾಗದವನು. ಕೆಲಸ ಕಲಿಯುವ ದಿನಗಳಲ್ಲಿ ಒಮ್ಮೆ ಮೇಸ್ತ್ರಿಗೆ ಹೆದರಿ ಒಂದು ತಗ್ಗಿಗೆ ಪುಟ್ಟಿ ಮೆತ್ತಿದ್ದನಂತೆ. ಆ ಒಂದು ತಪ್ಪಿಗೆ ಗೋಟ್ಲೀಬ್ ಸಾಯುವವರೆಗೂ ಅವನನ್ನು "ಪುಟ್ಟಿ ಕಾರ್ಲೆ" ಎಂದೇ ಕರೆದ. ಅದೂ ಗುರುವಾರದ ಮೇಜಿನಲ್ಲಿ, ಕಾರ್ಖಾನೆಯ ಹಳಬರೆಲ್ಲ ಕೂಡಿ ಕುಡಿಯುವ ಕಡೆ.

ಕಾರು ಅಂಗಳದ ಬಿಸಿಲಿಗೆ ಬಂತು. ಲೂಡರ್ಸ್ ಗೇಟು ದಾಟಿ ಒಳಗೆ ಬಂದವನು ನಿಂತೇಬಿಟ್ಟ. ನಾನೂ ಕೆಳಗಿಳಿದು ಬಂದಿದ್ದೆ.

"ಫ್ರಾವ್ ಐಸೆಲೆ... ತೊಳೆದುಬಿಟ್ರಾ?"

"ಇನ್ನೇನು ನೆಕ್ಕಬೇಕಿತ್ತಾ? ನೋಡಿ, ಈಗ ಕಾರು ಕಾಣತ್ತೆ."

ಕಾರು ಕಾಣುತ್ತಿತ್ತು, ನಿಜ. ಬೇಡವಾದದ್ದೂ ಕಾಣುತ್ತಿತ್ತು. ಹಿಂದಿನ ಬಲ ಮಡ್‌ಗಾರ್ಡಿನ ಮೇಲೆ, ಧೂಳಿನಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಒಂದು ತೇಪೆ, ಅಂಗೈಗಿಂತ ದೊಡ್ಡದು, ಸುತ್ತಲಿನ ಹೊಳಪಿನ ನಡುವೆ ಮಂಕಾಗಿ ಕುಳಿತಿತ್ತು. ಮೋಡದ ಪ್ರತಿಬಿಂಬ ಅಲ್ಲಿಗೆ ಬಂದು ಸೊಟ್ಟಗಾಗುತ್ತಿತ್ತು. ಲೂಡರ್ಸ್ ಬಗ್ಗಿದ. ಕಾರ್ಲೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದ.

"ಪುಟ್ಟಿ" ಎಂದ. ಮತ್ತೆ ಬಡಿದ. "ಅಯ್ಯೋ ದೇವರೇ, ಶುದ್ಧ ಪುಟ್ಟಿ. ಎಂಥಾ ದಡ್ಡನ ಕೈ ಇದು! ಮೆತ್ತಿರೋದು ನೋಡಿ, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ."

"ಇದು ಯಾರ ಕೆಲಸ, ಫ್ರಾವ್ ಐಸೆಲೆ?" ಲೂಡರ್ಸ್ ಕೇಳಿದ.

ಯಾರ ಕೆಲಸವೆಂದು ಆ ಅಂಗಳದಲ್ಲಿ ಇಬ್ಬರಿಗೆ ಗೊತ್ತಿತ್ತು, ಅವಳಿಗೆ ಮತ್ತು ನನಗೆ. ಗೋಟ್ಲೀಬ್ ಕೊನೆಯ ಬಾರಿ ಕಾರು ತೆಗೆದ ಭಾನುವಾರ ನಾನು ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದೆ. ಶೆಡ್ಡಿನೊಳಗೆ ಹಿಂದಕ್ಕೆ ಬಿಡುವಾಗ ಬಾಗಿಲ ಕಂಬಕ್ಕೆ ಮಡ್‌ಗಾರ್ಡು ಗುದ್ದಿತು. ಅವನು ಇಳಿದು ಬಂದು ತಗ್ಗಿನ ಮೇಲೆ ಅಂಗೈ ಇಟ್ಟು ನಿಂತ. ಆ ಕೈ ನಡುಗುತ್ತಿತ್ತು. ಅದು ಆಗಲೇ ಕೆಲವು ತಿಂಗಳಿಂದ ನಡುಗುತ್ತಿತ್ತು; ಗುರುವಾರದ ಮೇಜಿಗೆ ಅವನು ಹೋಗದಿರಲು ನೆಪ ಹುಡುಕುತ್ತಿದ್ದುದು ಅದಕ್ಕೇ. ನಡುಗುವ ಕೈ ಬೆಂಕಿ ಹಿಡಿದು ಸೀಸ ನೀವಲಾರದು. ಗೆಳೆಯರ ಬಳಿ ಒಯ್ಯಲು ಅವನ ಅಹಂಕಾರ ಬಿಡಲಿಲ್ಲ. ಮರುದಿನ ಅಂಗಡಿಯಿಂದ ಒಂದು ಡಬ್ಬಿ ಪುಟ್ಟಿ ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದ. ಆ ವಾರವೆಲ್ಲ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು; ನನ್ನ ತಲೆಯ ಮೇಲಿನ ಮನೆಯಲ್ಲಿ ಅವನ ಧ್ವನಿಯೇ ಕೇಳಿಸಲಿಲ್ಲ. ಆಮೇಲೆ ಅವನು ಕಾರಿನ ಹೆಸರೆತ್ತಲಿಲ್ಲ.

ಹೆಡ್ವಿಗ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಜೇಬಿಗಿಟ್ಟಳು. ಲೂಡರ್ಸ್ ಕೈಗವಸು ಕಳಚಿ ಹೇಳಿದ:

"ನಾನು ನೇರವಾಗಿ ಕೇಳ್ತೀನಿ, ಯಾಕಂದ್ರೆ ನೀವು ನೇರವಾಗಿ ಹೇಳೋರು. ನಿಮ್ಮ ಯಜಮಾನರೇ ಮಾಡಿದ್ದಾ? ಹೌದಾದ್ರೆ ನನ್ನದೇನೂ ತಕರಾರಿಲ್ಲ. ಕಟ್ಟಿದೋನೇ ತಿದ್ದಿದಾನೆ ಅಂದ್ರೆ ಅದೂ ಈ ಕಾರಿನ ಕಥೆನೇ. ಹೇಳಿದ ಬೆಲೆಗೆ ಈಗಲೇ ಕೈ ಕೊಡ್ತೀನಿ. ಬೇರೆ ಯಾರೋ ಕೈ ಹಾಕಿದ್ರೆ ಮಾತ್ರ ಒಳಗೆ ತುಕ್ಕು ಎಷ್ಟಿದೆಯೋ, ಬಣ್ಣ ಕೆರೆಸಿ ನೋಡಬೇಕು. ಅದಕ್ಕೆ ಒಂದೆರಡು ತಿಂಗಳು. ಬೆಲೆನೂ ಆಮೇಲೇ."

ಸೋಮವಾರಕ್ಕೆ ಎರಡು ದಿನವಿತ್ತು. ಒಂದು "ಹೌದು" ಸಾಕಾಗಿತ್ತು, ಅದೂ ನಿಜವಾದ "ಹೌದು". ಸಮಾಧಿಯ ಮುಂದೆ ಪಾದ್ರಿಯನ್ನು ತಿದ್ದಿದವಳಿಗೆ ಇದೇನು ಕಷ್ಟ ಎಂದು ನಾನು ಅವಳ ಮುಖ ನೋಡಿದೆ. ಅವಳು ಲೂಡರ್ಸ್‌ನನ್ನು ನೋಡುತ್ತಿರಲಿಲ್ಲ, ಕಾರ್ಲೆಯನ್ನು ನೋಡುತ್ತಿದ್ದಳು.

ಕಾರ್ಲೆಯ ಮುಖದಲ್ಲಿ ಏನೋ ಬೆಳಗತೊಡಗಿತ್ತು.

"ಏ ಹೆಡ್ವಿಗ್, ನಿಜ ಹೇಳು. ಗೋಟ್ಲೀಬನಾ? ನಮ್ಮ ಗೋಟ್ಲೀಬ್ ಪುಟ್ಟಿ ಮೆತ್ತಿದ್ನಾ? ಹೇಳೇ ತಾಯಿ, ಗುರುವಾರ ನಾನು ಇಡೀ ಮೇಜಿಗೆ ಕುಡಿಸ್ತೀನಿ!"

"ನಿನ್ನ ದುಡ್ಡು ಉಳಿಸ್ಕೋ" ಎಂದಳು ಹೆಡ್ವಿಗ್. "ನಾನು ಮಾಡಿದ್ದು."

"ನೀನಾ?"

"ನಾನೇ. ಅವನು ಊಟ ಮಾಡಿ ಮಲಗಿದ್ದ. ಕೀಲಿಕೈ ತಗೊಂಡು ಹೊರಗೆ ತೆಗೆದೆ, ವಾಪಸ್ ಬಿಡುವಾಗ ಕಂಬಕ್ಕೆ ಗುದ್ದಿಸಿದೆ. ಅವನಿಗೆ ಗೊತ್ತಾಗಬಾರದು ಅಂತ ಅಂಗಡಿಯಿಂದ ಡಬ್ಬಿ ತಂದು ಮೆತ್ತಿದೆ."

ಅವಳು ಜೀವಮಾನದಲ್ಲಿ ಒಮ್ಮೆಯೂ ಕಾರಿನ ಸ್ಟೀರಿಂಗ್ ಹಿಡಿದವಳಲ್ಲ. ಲೈಸೆನ್ಸಿಗೆ ಅರ್ಜಿ ಕೂಡ ಹಾಕಿದವಳಲ್ಲ. ಕಾರ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನೂ ಅದೇ ಅಂದ್ಕೊಂಡೆ. ಗೋಟ್ಲೀಬನ ಕೈಯಲ್ಲಿ ಇದು ಆಗೋದಲ್ಲ, ಬಿಡು" ಎಂದು ತೇಪೆಯನ್ನು ತಟ್ಟಿದ. ಲೂಡರ್ಸ್ ಟೋಪಿ ಹಾಕಿಕೊಂಡು, ಕಾಗದ ಬರೆಯುತ್ತೇನೆ ಎಂದು ಮೆಲ್ಲಗೆ ಹೇಳಿದ.

ಹೆಡ್ವಿಗ್ ಏಪ್ರನ್ನಿನ ಜೇಬಿನಿಂದ ಬಟ್ಟೆ ತೆಗೆದು, ಕಾರ್ಲೆಯ ಬೆರಳು ಬಿದ್ದ ಕಡೆ ಒರೆಸಿದಳು.

"ಆಮೇಲೆ ಒಂದು ವಾರ ಅವನು ನನ್ನ ಜತೆ ಮಾತೇ ಆಡಲಿಲ್ಲ" ಎಂದು, ಯಾರೂ ಕೇಳದಿದ್ದರೂ, ಸೇರಿಸಿದಳು.