ಗಾಜು ತೆಗೆದ ಚಿತ್ರ

ಜಲವರ್ಣದ ಚಿತ್ರವನ್ನು ಸ್ಕ್ಯಾನರಿನ ಮೇಲೆ ಬೋರಲು ಮಲಗಿಸುವ ಮೊದಲು ಕೈ ತೊಳೆದು ಪೂರ್ತಿ ಆರಿಸಿಕೊಳ್ಳಬೇಕು. ಇದನ್ನು ಕಲಿಸಿದವರು ನಮ್ಮ ಮನೆಯವರು. ಹುಕ್ಕೇರಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ನಿವೃತ್ತರಾಗಿ ಗೋಕಾಕಕ್ಕೆ ಬಂದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ತಡವರಿಸಿಯಾದರೂ ಉಳಿಯಿತು, ಅದು ಬಸವಣ್ಣನ ಕೃಪೆ. ಇನ್ನು ಹೊಸ ಚಿತ್ರದ ಮಾತಿಲ್ಲ. ಹಳೆಯವಕ್ಕೆ ಬೂಸು ಹತ್ತತೊಡಗಿತ್ತು. ಪೂರ್ತಿ ಹಾಳಾಗುವುದರೊಳಗೆ ಕಂಪ್ಯೂಟರಿಗೆ ಇಳಿಸಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದಿಡೋಣವೆಂದು ಅವರೇ ಹೇಳಿದರು. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಮಾಡುವುದು. ಪರದೆಯ ಮೇಲೆ ಘಟಪ್ರಭೆಯ ಕೆಂಪು ನೀರು ಬೂದಿಬಣ್ಣವಾಗಿ ಕಂಡರೆ, ಮೂಲ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ಸರಿಮಾಡುತ್ತಿದ್ದೆ.

ಕೊನೆಗೆ ಉಳಿದದ್ದು ನಮ್ಮತ್ತೆಯ ಚಿತ್ರ. ಅವರು ಎಂದೂ ಫೋಟೋ ತೆಗೆಸಿಕೊಂಡವರಲ್ಲ. ಆಧಾರ ಕಾರ್ಡು ಬರುವ ಮೊದಲೇ ಲಿಂಗೈಕ್ಯರಾದರು. ಮಗ ಎದುರು ಕೂರಿಸಿಕೊಂಡು ಬರೆದ ಇದೊಂದು ಬಿಟ್ಟರೆ ಅವರ ಮುಖ ಎಲ್ಲೂ ಇಲ್ಲ. ಮೂಡಲಗಿಗೆ ಕೊಟ್ಟ ನಾದಿನಿ ಬಂದಾಗಲೆಲ್ಲ ಇದರ ಮುಂದೆ ನಿಂತು, "ನನ್ನ ಮನ್ಯಾಗ ಅವ್ವ ಇಲ್ಲ ನೋಡ್ರಿ ವೈನಿ," ಎನ್ನುತ್ತಿದ್ದಳು. ಪ್ರಿಂಟ್ ಒಯ್ಯಲೆಂದೇ ಆ ಸೋಮವಾರ ಬಂದಿದ್ದಳು.

ಗಾಜು ಇದ್ದರೆ ಸ್ಕ್ಯಾನರಿನ ಬೆಳಕು ಹೊಳೆಯುತ್ತದೆ. ಅದಕ್ಕೆ ಚೌಕಟ್ಟು ಬಿಚ್ಚಿ, ಚಿತ್ರವನ್ನು ಮೇಜಿನ ಮೇಲಿಟ್ಟು, ಹಾಲು ಇಳಿಸಲು ಒಳಗೆ ಹೋದೆ. ನಾದಿನಿ ಸ್ನಾನ, ಲಿಂಗಪೂಜೆ ಮುಗಿಸಿ ಬಂದಳು. ಪೂಜೆಯಾದ ಮೇಲೆ ಅತ್ತೆಯ ಹಣೆಗೂ ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ದಿನಾ ಗಾಜಿನ ಮೇಲೆ ಹಚ್ಚುತ್ತಿದ್ದೆವು, ಮರುದಿನ ಒರೆಸುತ್ತಿದ್ದೆವು. ಅವಳ ಕೈ ತನ್ನ ರೂಢಿಯಂತೆ ಹೋಯಿತು. ವಿಭೂತಿಯ ಹಸಿ ಬೆರಳು ಮೂರೂ ಬರಿಯ ಕಾಗದದ ಮೇಲೆ ಗೆರೆ ಎಳೆದವು. ಗಾಬರಿಯಾಗಿ ಸೆರಗಿನಿಂದ ಒರೆಸಿದ್ದರಿಂದ ಮತ್ತಷ್ಟು ಕೆಟ್ಟಿತು.

"ವೈನಿ, ಅವ್ವ ಕೈಗೆ ಬಂದ್ಲು," ಎಂದದ್ದು ಕೇಳಿ ಹೊರಗೆ ಬಂದೆ. ಬೆರಳ ತುದಿಗೆ ಕಂದು ಬಣ್ಣ. ಹಣೆಯಲ್ಲಿ ಕಾಗದ ಬೆಳ್ಳಗೆ ಕಾಣುತ್ತಿತ್ತು. ಕೈ ತೊಳೆದುಕೋ ಎಂದರೆ ತೊಳೆಯಲಿಲ್ಲ. ಆ ಕೈಯಿಂದ ಉಣ್ಣಲೂ ಆಗದೆ ಹಾಗೇ ಕೂತಳು. ನಮ್ಮ ಮನೆಯವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಕಾಗದ ಆರಿದ ಮೇಲೆ ಇದ್ದಂತೆಯೇ ಸ್ಕ್ಯಾನ್ ಮಾಡಿದೆ. ಕಂಪ್ಯೂಟರಿನಲ್ಲೇ ಮತ್ತೊಂದು ಪ್ರತಿ ಮಾಡಿ, ಅದರಲ್ಲಿ ಬೂಸಿನ ಚುಕ್ಕೆ ಮುಚ್ಚುವ ಹಾಗೆಯೇ, ಕೆನ್ನೆಯ ಬಣ್ಣ ತೆಗೆದು ತೆಗೆದು ಹಣೆ ತುಂಬಿದೆ. ನೋಡಲು ಚೆನ್ನಾಗಿಯೇ ಆಯಿತು. ಅವರ ಕುರ್ಚಿಯನ್ನು ಪರದೆಯ ಹತ್ತಿರ ಸರಿಸಿದೆ.

ಬಹಳ ಹೊತ್ತು ನೋಡಿ, "ಇಕಿ ಯಾರು?" ಎಂದರು.

ಲಕ್ವಾದ ಮರೆವೆಂದುಕೊಂಡೆ. ಮರೆವಲ್ಲ. ಅತ್ತೆಯ ಹಣೆ ತುಂಬ ಬಿಸಿಲಿನ ನೆರಿಗೆ ಇದ್ದವು, ನಾನು ತುಂಬಿದ ಹಣೆಯಲ್ಲಿ ಒಂದೂ ಇರಲಿಲ್ಲ. ಅವನ್ನು ಒಂದೊಂದಾಗಿ ಬರೆದಿದ್ದರಂತೆ. ಇದ್ದದ್ದನ್ನೇ ಪ್ರಿಂಟ್ ತೆಗೆ, ಕೆಟ್ಟಿದ್ದರೂ ಅದು ಅವ್ವ ಎಂದರು.

ನಾದಿನಿ ಎದ್ದು ಬಂದಳು. "ದಿನಾ ನನ್ನ ಬೆರಳಿನ ಗುರ್ತ ನೋಡ್ಕೋಂತ ಹೆಂಗ ಕೈ ಮುಗೀಲಿ, ಅಣ್ಣಾ? ನೀನರ ತಿರುಗಿ ಬರದ ಕೊಡು."

ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಅವಳಿಗೆ ತೋರಿಸಿದರು. ಮತ್ತೆ ತೊಡೆಯ ಮೇಲೆ ಇಳಿಸಿಕೊಂಡರು.

ಬಸ್ಸಿನ ಹೊತ್ತಾಗುತ್ತಾ ಬಂದಾಗ ಅವಳು ಪರದೆಯ ಕಡೆ ನೋಡದೆಯೇ, "ಆಕೀನ್ನ ಕೊಡ್ರಿ ವೈನಿ," ಎಂದಳು. ಆಕೆ ತನ್ನ ತಾಯಿಯಲ್ಲವೆಂದು ತಿಳಿದೇ ಕೇಳಿದಳು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಪ್ರಿಂಟರಿನಿಂದ ಮೊದಲು ಆ ನುಣುಪು ಹಣೆ ಬಂತು. ನಾದಿನಿ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು. ಕಣ್ಣೂ ಕಾಗದಕ್ಕೆ ಇಳಿದ ಮೇಲೆ ಅವಳನ್ನು ಕರೆದೆ. ಅವು ಮಾತ್ರ ಅತ್ತೆಯವೇ. ಶಿವ ಅಷ್ಟನ್ನಾದರೂ ಉಳಿಸಿದ್ದ. ಅವಳು ಬಂದು, ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು, ಕಣ್ಣಷ್ಟನ್ನೇ ನೋಡಿದಳು.