ದೊಡ್ಡವ್ವನ ಹಲ್ಲಿನ ಸೆಟ್ಟು

ಎಲ್ಲದಕ್ಕೂ ಒಂದೇ ಕಾರಣ ಹೇಳುವವರನ್ನು ಅನುಮಾನಿಸಬೇಕು ಅಂತ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. ಮದ್ದೂರಿನ ನಮ್ಮ ಬೀದಿಯಲ್ಲಿ ಆ ಒಂದೇ ಕಾರಣ ಉಷ್ಣ. ಕೀಮೋ ಆದ ಮೇಲೆ ದೊಡ್ಡವ್ವನ ಬಾಯಿ ತುಂಬ ಹುಣ್ಣೆದ್ದಾಗಲೂ ಅದೇ.

"ಉಷ್ಣ ಕಣಮ್ಮ. ಎಳ್ನೀರು ಕುಡ್ಸು, ಎಲ್ಲಾ ಓಯ್ತದೆ," ಎಂದರು ಪಕ್ಕದ ಮನೆಯಾಕೆ.

"ದಿನಾ ಕುಡಿಸ್ತಿದ್ದೀವಲ್ಲ, ಯಾಕೆ ಹೋಗಿಲ್ಲ?"

"ಮೊದ್ಲು ನಿನ್ ಬಾಯ್ಗೆ ಔಸ್ದಿ ಹಾಕ್ಬೇಕು ಬುಡು!"

ವಾದ ಗೆದ್ದು ಏನು ಬಂತು? ನೀರು ನುಂಗಿದರೂ ದೊಡ್ಡವ್ವನ ಕಣ್ಣು ತುಂಬುತ್ತಿತ್ತು. ಉಪ್ಸಾರಿನ ಖಾರವಿಲ್ಲದೆ ಮುದ್ದೆ ಮುರಿಯದವರು ತಣ್ಣನೆಯ ಗಂಜಿಯನ್ನೂ ತಳ್ಳುತ್ತಿದ್ದರು. ಬಾಯಿ ಹೀಗೇ ಇದ್ದರೆ ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ ಅಂತ ಮಂಡ್ಯದ ಡಾಕ್ಟರು ಹೇಳಿಬಿಟ್ಟಿದ್ದರು. ರಕ್ತದಲ್ಲಿ ಬಿಳಿಕಣ ಇಳಿದಿರುವಾಗ ಹುಣ್ಣಿನಿಂದ ಸೋಂಕು ಒಳಗಿಳಿದರೆ ಪ್ರಾಣಕ್ಕೇ ಅಪಾಯ. ಕೀಮೋ ತಡಮಾಡಿದರೆ ಕ್ಯಾನ್ಸರ್ ಗೆಡ್ಡೆಗೆ ಅನುಕೂಲ.

"ಹಲ್ಲಿನ ಸೆಟ್ಟು ತೆಗೆದಿಡಿ. ತೂಕ ಇಳಿದು ವಸಡು ಕುಗ್ಗಿದೆ, ಸೆಟ್ಟು ಸಡಿಲವಾಗಿ ಉಜ್ಜುತ್ತಿದೆ," ಎಂದಿದ್ದರು.

"ಸೆಟ್ಟಿಲ್ಲದವರಿಗೂ ಹುಣ್ಣು ಬರುತ್ತಲ್ಲ?" ನಾನು ಬಿಡಲಿಲ್ಲ.

"ಬರುತ್ತೆ. ಔಷಧಿ ಬಾಯೊಳಗಿನ ಚರ್ಮವನ್ನ ತೆಳ್ಳಗೆ ಮಾಡುತ್ತೆ. ಅದರ ಮೇಲೆ ಖಾರ, ಎಲೆ ಅಡಿಕೆ, ಬಾಯಿ ಒಣಗೋದು, ತೊಳೀದೆ ಇರೋದು, ಎಲ್ಲಾ ಸೇರ್ಕೊಳ್ಳುತ್ತೆ. ಇವರ ಹುಣ್ಣು ನೋಡಿ, ಸೆಟ್ಟಿನ ಅಂಚು ತಾಗೋ ಕಡೆಯೇ ಜಾಸ್ತಿ."

ನಾನು ಒಪ್ಪಿಕೊಂಡೆ. ದೊಡ್ಡವ್ವ ಒಪ್ಪಲಿಲ್ಲ. ಕಾಯಿಲೆಯವರನ್ನು ನೋಡಿಕೊಂಡು ಹೋಗಲು ನಮ್ಮಲ್ಲಿ ನೆಂಟರು ಬರುತ್ತಲೇ ಇರುತ್ತಾರೆ. ಕಾಯಿಲೆಯವರು ಎದ್ದು ಕೂತು ಮಾತಾಡಿಸಬೇಕು. ಗೇಟಿನ ಸದ್ದಾದರೆ ಸಾಕು, ಸೆಟ್ಟು ಬಾಯಿಗೆ ಹೋಗುತ್ತಿತ್ತು.

"ತಲೆಕೂದ್ಲು ಓಯ್ತು, ಟವಲ್ ಸುತ್ಕಂಡೆ. ಬಾಯ್ಗೇನ್ ಸುತ್ಕಳ್ಳಿ ಏಳು?" ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು: ಅವರು ಸೆಟ್ಟು ಹಾಕುವುದಿಲ್ಲ, ನಾನು ಯಾರನ್ನೂ ಒಳಗೆ ಬಿಡುವುದಿಲ್ಲ. ಗೇಟಿನಲ್ಲಿ ನಿಂತು ಸೋಂಕಿನ ಭಾಷಣ ಬಿಗಿದೆ. "ನಾವೇನ್ ರೋಗ ಒತ್ಕಂಡ್ ಬಂದಿದ್ದೀವಾ?" ಎಂದು ಬಂದವರು ಬೈದುಕೊಂಡೇ ಹೋದರು.

ಕೀಮೋಗೆ ಇನ್ನೆರಡು ದಿನವಿದೆ ಅನ್ನುವಾಗ ಮಳವಳ್ಳಿಯ ಬೀಗಿತ್ತಿ ಆಟೋದಿಂದಿಳಿದರು, ದೊಡ್ಡವ್ವನ ಮಗಳ ಅತ್ತೆ.

ದೊಡ್ಡಪ್ಪ ಓಡಿಬಂದು ನನ್ನ ತೋಳು ಹಿಡಿದರು. "ಇವ್ರ್ನ ತಡೀಬ್ಯಾಡ ಕಣವ್ವ. ಮಗ್ಳು ಆ ಮನೇಲವ್ಳೆ."

ನಾನು ಒಳಕ್ಕೆ ಓಡಿದೆ. ದೊಡ್ಡವ್ವನ ಕೈ ಆಗಲೇ ನೀರಿನ ಬಟ್ಟಲಲ್ಲಿತ್ತು, ಬೆರಳ ತುದಿಯಲ್ಲಿ ಸೆಟ್ಟು. ವಸಡಿನ ಬಿಳಿ ಗಾಯ ಮಾಯುತ್ತಾ ಆಗತಾನೇ ಕೆಂಪಿಗೆ ತಿರುಗಿತ್ತು.

"ಕೀಮೋ ಬೇಕಾ, ಬೇಡ್ವಾ?" ಇಷ್ಟೇ ನನಗೆ ಹೊಳೆದದ್ದು.

ಹೊಸಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ದೊಡ್ಡವ್ವ ನನ್ನನ್ನು ದುರುಗುಟ್ಟಿ ನೋಡಿದರು. ಸೆಟ್ಟನ್ನು ಮತ್ತೆ ನೀರಿಗೆ ಬಿಟ್ಟರು.

"ಬನ್ನಿ, ಕೂತ್ಕಳಿ," ಎಂದರು, ಮಾತು ತುಟಿಯಲ್ಲೇ ಮಡಚಿಕೊಳ್ಳುತ್ತಿತ್ತು. "ಬೊಚ್ಚುಬಾಯಿ ಆಗದೆ. ನಗಾದಿದ್ರೆ ನಕ್ಬುಡಿ, ಆಮೇಲೆ ಮಾತಾಡಾನ."

ಬೀಗಿತ್ತಿ ನಗಲಿಲ್ಲ. ಕೈಯಲ್ಲಿದ್ದ ಚೀಲ ನೋಡಿಕೊಂಡರು. "ಅಯ್ಯೋ, ಸೇಬ್ ತಂದ್ಬುಟ್ನಲ್ಲಾ."

"ನೀವೇ ತಿನ್ನಿ. ನಾನ್ ನೋಡ್ತೀನಿ."

ಎರಡು ದಿನ ಬಿಟ್ಟು ಮಂಡ್ಯದಲ್ಲಿ ಡಾಕ್ಟರು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ರಕ್ತದ ರಿಪೋರ್ಟ್ ಇನ್ನೊಮ್ಮೆ ತಿರುವಿದರು.

"ಪೂರ್ತಿ ಮಾಯ್ದಿಲ್ಲ. ಆದ್ರೂ ಇವತ್ತು ಕೀಮೋ ಹಾಕಬಹುದು."

"ಇದು ಸೆಟ್ಟು ತೆಗೆದದ್ದಕ್ಕೋ, ಇಲ್ಲಾ ದಿನ ಕಳೆದದ್ದಕ್ಕೋ?" ಎಂದೆ.

"ಎರಡೂ ಇರಬಹುದು."

"ಅದ್ ಹೇಗೆ ಗೊತ್ತಾ..."

"ಲೇ, ಸುಮ್ಕಿರೇ," ಎಂದು ದೊಡ್ಡವ್ವ ರವಿಕೆಯ ತೋಳು ಮೇಲೇರಿಸಿ ನರ್ಸಿನ ಕಡೆ ಕೈ ಚಾಚಿದರು. "ಚುಚ್ಚವ್ವ ನೀನು."